ಬೇಕಲದ ಕೋಟೆಯೂ ಅಲ್ಲಿನ ಭೂತಗಳೂ

ಮಕ್ಕಳನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮ ಶ್ರೀಮಠದ ಶಾಲೆಯಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಬೇಲೂರು ಹಳೇಬೀಡುಗಳು ಬಿಕ್ಕೋಡಿನ ಮಕ್ಕಳಿಗೆ ಅಂಗಳದಂತೆ. ಅಲ್ಲಿಗೆ ಹೋಗಿಬರುವುದನ್ನು ಅವರು ಪ್ರವಾಸವೆಂದೇ ಎಣಿಸುವುದಿಲ್ಲ. ಸಮುದ್ರವನ್ನು ನೋಡಬೇಕೆಂಬುದು ಅವರ ಆಸೆ. ಅಂತೆಯೇ 2018ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ಮಕ್ಕಳೊಡನೆ ಸಕಲೇಶಪುರದ ಮಾರ್ಗವಾಗಿ ಶಿರಾಡಿ ಘಟ್ಟವನ್ನಿಳಿದು, ಮಂಗಳೂರನ್ನು ದಾಟಿ, ಕಾಸರಗೋಡಿನ ದಕ್ಷಿಣಕ್ಕಿರುವ ಬೇಕಲದ ಕೋಟೆಯನ್ನು ಸೇರಿದೆವು. ಸಮುದ್ರವನ್ನು ಕಂಡು ಮಕ್ಕಳು ಕುಣಿದಾಡಿದರೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಊರಿಗೆ ಮರಳಿದ ಮೇಲೆ ಪ್ರವಾಸದ ವರದಿಯನ್ನು ಬರೆಯಹೇಳಿದಾಗ ಮುಕ್ಕಾಲು ಪಾಲು ಮಕ್ಕಳು ಬರೆದದ್ದು ಸಮುದ್ರದ ವಿಷಯವನ್ನಲ್ಲ, ಕೋಟೆಯ ದೆವ್ವದ ವಿಷಯವನ್ನು. ಕೋಟೆಯನ್ನು ಕಟ್ಟಿಸಿದವನ ಹೆಸರನ್ನು ಬರೆದವರು ಇಬ್ಬರು ಮಾತ್ರ. ಅವರಲ್ಲಿಯೂ ಒಬ್ಬನು ಟಿಪ್ಪುಸುಲ್ತಾನನೆಂದು ಬರೆದಿದ್ದನು.

ಪಾಠ ಹೇಳಿದವನಿಗೆ ಇದು ನಾಚಿಕೆಯ ವಿಷಯವೇ ಸರಿ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣವೆಂದು ವಾಚಕರು ತಿಳಿಯಬಹುದು. ಹಳೆಯ ಕೋಟೆಯೊಂದರ ಇತಿಹಾಸವನ್ನು ಅದರ ದೆವ್ವಗಳು ಏಕೆ ನುಂಗಿಬಿಡುತ್ತವೆ, ಹಾಗೆ ನುಂಗಿದ್ದರಿಂದ ನಮಗಾಗುವ ನಷ್ಟವೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಇತಿಹಾಸ. ವಿಜಯನಗರದ ಸಾಮಂತರಾಗಿ ಮಲೆನಾಡಿನ ಕೆಳದಿಯಲ್ಲಿ ತಲೆಯೆತ್ತಿದ ನಾಯಕರು ಇಕ್ಕೇರಿಗೂ, ಅಲ್ಲಿಂದ ಬಿದನೂರಿಗೂ ರಾಜಧಾನಿಯನ್ನು ಬದಲಿಸುತ್ತ ಸುಮಾರು ಎರಡೂವರೆ ಶತಮಾನ ಆಳಿದರು. ಅವರು ವೀರಶೈವರು, ತಮ್ಮ ರಾಜ್ಯದುದ್ದಕ್ಕೂ ಮಹತ್ತಿನ ಮಠಗಳನ್ನು ಕಟ್ಟಿಸಿ ದತ್ತಿ ಬಿಟ್ಟವರು. ಶೃಂಗೇರಿಗೂ ಕೊಲ್ಲೂರಿಗೂ ನಡೆದುಕೊಂಡವರು. ಹಿರಿಯ ವೆಂಕಟಪ್ಪನಾಯಕನ ಕಾಲದಲ್ಲಿ ರಾಜ್ಯವು ಘಟ್ಟದ ಕೆಳಗೆ ಬಹುದೂರ ಹಬ್ಬಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಗೆ ಬಂದು ಕಂಡದ್ದು ಈ ಅರಸನನ್ನೇ. ಅನಂತರ ಬಂದ ಶಿವಪ್ಪನಾಯಕನು 1645ರಿಂದ 1660ರವರೆಗೆ ಆಳಿದನು. ಭೂಮಿಯನ್ನು ಅಳೆಯಿಸಿ, ಬೆಳೆಯನ್ನು ನೋಡಿ ಕಂದಾಯವನ್ನು ಗೊತ್ತುಪಡಿಸಿದ ಅವನ ಶಿಸ್ತು ಇಂದಿಗೂ ಮಲೆನಾಡಿನ ಮಾತಿನಲ್ಲಿ ಉಳಿದಿದೆ. 1652ರಿಂದ 1654ರೊಳಗೆ ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಅವನು ಗೆದ್ದುಕೊಂಡನು.

ಈ ಅರಸನಿಗೂ ನಮ್ಮ ಸೀಮೆಗೂ ಸಂಬಂಧವಿಲ್ಲದಿಲ್ಲ. ವಿಜಯನಗರದ ಕೊನೆಯ ದೊರೆ ಶ್ರೀರಂಗರಾಯನು ರಾಜ್ಯವನ್ನು ಕಳೆದುಕೊಂಡು ನೆಲೆಯಿಲ್ಲದೆ ಬಂದಾಗ ಅವನಿಗೆ ಬೇಲೂರಿನಲ್ಲಿ ಆಶ್ರಯವನ್ನು ಕಲ್ಪಿಸಿದವನು ಶಿವಪ್ಪನಾಯಕನೇ. ಚಕ್ರವರ್ತಿಯನ್ನು ಸಾಮಂತನು ಸಾಕಿದನು! ಚೆನ್ನಕೇಶವನ ಗುಡಿಗೆ ನಿತ್ಯ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ ತಿಳಿಯದು.

ಕರಾವಳಿಯನ್ನು ಹಿಡಿಯುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಅಂದಿನ ಕರಾವಳಿಯ ಸಂಪತ್ತೆಂದರೆ ಅಕ್ಕಿ ಮತ್ತು ಮೆಣಸು. ಗೋವೆಯ ಪೋರ್ಚುಗೀಸರು ಉಣ್ಣುತ್ತಿದ್ದುದು ಈ ಕನ್ನಡ ಕರಾವಳಿಯ ಅಕ್ಕಿಯನ್ನು. ಉತ್ತರದಿಂದ ಅವರ ಹಡಗುಗಳು, ದಕ್ಷಿಣದಿಂದ ಕೋಲತ್ತಿರಿಯ ಕಡೆಯವರು. ಇವೆರಡನ್ನೂ ಗಮನದಲ್ಲಿಟ್ಟು ಕೆಳದಿಯವರು ದಡದುದ್ದಕ್ಕೂ ಕೋಟೆಗಳ ಸಾಲನ್ನೇ ಕಟ್ಟಿದರು. ಕುಂಬಳೆಯ ಬಳಿ ಆರಿಕ್ಕಾಡಿಯ ಕೋಟೆ, ಪಯಸ್ವಿನಿಯ ದಂಡೆಯ ಮೇಲೆ ಚಂದ್ರಗಿರಿಯ ಕೋಟೆ, ಅದರ ದಕ್ಷಿಣಕ್ಕೆ ಬೇಕಲ, ಇನ್ನೂ ದಕ್ಷಿಣಕ್ಕೆ, ಎರಡನೆಯ ಸೋಮಶೇಖರನಾಯಕನ ಕಾಲದ ಹೊಸದುರ್ಗ. ಬೇಕಲ ಮತ್ತು ಚಂದ್ರಗಿರಿಗಳನ್ನು ಶಿವಪ್ಪನಾಯಕನು ಕಟ್ಟಿಸಿದನೆಂಬುದು ಬಹುಕಾಲದಿಂದ ಒಪ್ಪಿತವಾಗಿರುವ ಮಾತು.

ಕೋಟೆಯ ಕಾವಲಿಗೆ ಜನ ಬೇಕಲ್ಲವೇ? ಅದಕ್ಕಾಗಿ ಉತ್ತರದಿಂದ ಬಂದು ಇಲ್ಲಿ ನೆಲೆಗೊಂಡವರು ರಾಮಕ್ಷತ್ರಿಯರು. ಅವರನ್ನು ಜನ ಇಂದಿಗೂ ಕೋಟೆಯವರೆಂದೇ ಕರೆಯುತ್ತಾರೆ. ಬೇಕಲ ಹೊಸದುರ್ಗಗಳ ಸುತ್ತ ಅವರ ಮನೆಗಳಿವೆ. ಸುತ್ತಲೂ ಮಲಯಾಳವಿದ್ದರೂ ಅವರ ಮನೆಗಳಲ್ಲಿ ಕನ್ನಡದ ದನಿ ಕೇಳುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕರಾವಳಿಯ ಈ ಕೋಟೆಗಳೂ ಅವನ ವಶವಾದವು. ಮಲಬಾರಿನ ದಂಡಯಾತ್ರೆಗಳಲ್ಲಿ ಟಿಪ್ಪುವಿಗೆ ಬೇಕಲವು ಮುಖ್ಯ ಸೇನಾನೆಲೆಯಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ ಬಳಿಕ ಕೆನರಾ ಜಿಲ್ಲೆಯು ಕಂಪನಿ ಸರಕಾರಕ್ಕೆ ಸೇರಿ, ಬೇಕಲವು ತಾಲ್ಲೂಕಿನ ಹೆಸರಾಗಿ ಕೆಲಕಾಲ ಬಾಳಿತು. ಮುಂದೆ ಕಚೇರಿಯು ಕಾಸರಗೋಡಿಗೆ ಹೋಯಿತು. ಕೋಟೆಯಲ್ಲಿ ಉಳಿದದ್ದು ಮುಳ್ಳುಕಂಟಿ ಮತ್ತು ಬಾವಲಿ. 1956ರ ನವೆಂಬರ್ 1ರಂದು ಕಾಸರಗೋಡು ಸೀಮೆಯು ಕೇರಳಕ್ಕೆ ಸೇರಿತು. ಆ ಗಡಿಯ ನೋವಿನ ಕಥೆ ಬೇರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಇಂದು ಬೇಕಲವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಇನ್ನು ಕೋಟೆಯ ರಚನೆಯನ್ನು ನೋಡಬೇಕು. ಸಮುದ್ರದೊಳಕ್ಕೆ ಚಾಚಿದ ಒಂದು ನೆಲದ ಮೂಗಿನ ಮೇಲೆ ಸುಮಾರು 40 ಎಕರೆಯಷ್ಟು ಜಾಗವನ್ನು ಅದು ಸುತ್ತುವರಿದಿದೆ. ಗೋಡೆಗಳ ಬಹುಭಾಗಕ್ಕೆ ಕಡಲೇ ಕಂದಕ. ಬಾಗಿಲಿನಿಂದ ನೇರವಾಗಿ ಒಳಹೋಗುವಂತಿಲ್ಲ. ದಾರಿಯು ತಿರುತಿರುಗಿ ಸಾಗುತ್ತದೆ. ನುಗ್ಗಿಬಂದವನ ವೇಗವು ತಿರುವಿನಲ್ಲಿ ಮುರಿಯಬೇಕು, ಮುಂದೇನಿದೆಯೆಂದು ಅವನಿಗೆ ಕಾಣಬಾರದು, ಮೇಲಿನವರಿಗೆ ಮಾತ್ರ ಅವನು ಕಾಣಬೇಕು. ಬಾಗಿಲಲ್ಲೇ ಆಂಜನೇಯನ ಗುಡಿಯುಂಟು. ಒಳಗೆ ಮೆಟ್ಟಿಲುಗಳುಳ್ಳ ಕೊಳ, ಮದ್ದಿನ ಮನೆ, ಫಿರಂಗಿಯನ್ನು ಎಳೆದೊಯ್ಯಬಹುದಾದಷ್ಟು ಅಗಲವಾದ ಇಳಿಜಾರು ದಾರಿಯ ದೊಡ್ಡ ಕಾವಲು ಬುರುಜು, ದಕ್ಷಿಣದ ಕಡೆಗೆ ತೆರೆಯುವ ಸುರಂಗ. ಹೊರಗೋಡೆಯಲ್ಲಿ ಬಂದೂಕಿನ ಕಿಂಡಿಗಳು ಮೂರು ಬಗೆಯಾಗಿವೆ. ಮೇಲಿನವು ದೂರದ ಶತ್ರುವಿಗೆ, ನಡುವಿನವು ಹತ್ತಿರ ಬಂದವನಿಗೆ, ಕೆಳಗಿನವು ಗೋಡೆಯ ಬುಡವನ್ನೇ ಸೇರಿದವನಿಗೆ. ಈ ಕಿಂಡಿಗಳಲ್ಲಿ ಕಣ್ಣಿಟ್ಟು ನೋಡಿದರೆ ಕಟ್ಟಿದವನ ಲೆಕ್ಕಾಚಾರವು ತಾನಾಗಿ ತಿಳಿಯುತ್ತದೆ. ಕಲ್ಲಿನಲ್ಲಿ ಬರೆದ ಗಣಿತವೆಂದರೂ ಸಲ್ಲುತ್ತದೆ.

ಒಟ್ಟಿನಲ್ಲಿ ಇದು ಹೆದರಿಸುವುದಕ್ಕೆಂದೇ ಕಟ್ಟಿದ ಕಟ್ಟಡ. ದೇವಾಲಯವನ್ನು ಕಟ್ಟಿದವನು ಬಂದವನ ಮನಸ್ಸು ಅರಳಲೆಂದು ಕಟ್ಟುತ್ತಾನೆ. ಕೋಟೆಯನ್ನು ಕಟ್ಟಿದವನು ಬಂದವನ ಎದೆ ಒಡೆಯಲೆಂದು ಕಟ್ಟುತ್ತಾನೆ. ಸಿಪಾಯಿಗಳು ಹೋಗಿ ಇನ್ನೂರು ವರ್ಷಗಳಾದರೂ ಆ ತಿರುವು, ಆ ಕತ್ತಲೆ, ಆ ಕಿಂಡಿ ತಮ್ಮ ಕೆಲಸವನ್ನು ಬಿಟ್ಟಿಲ್ಲ. ಹಳೆಯ ಕೋಟೆಗಳಲ್ಲಿ ದೆವ್ವದ ಮಾತು ಹುಟ್ಟುವುದಕ್ಕೆ ಇದು ಮೊದಲನೆಯ ಕಾರಣವೆಂದು ನನ್ನ ಭಾವನೆ.

ಮಕ್ಕಳು ಬರೆದ ದೆವ್ವಗಳನ್ನೇ ಒಂದೊಂದಾಗಿ ತೆಗೆದುಕೊಳ್ಳೋಣ. ಒಬ್ಬಳು ಬರೆದಿದ್ದಳು: ಸಂಜೆಯ ಹೊತ್ತು ಗೋಡೆಯೊಳಗಿನಿಂದ ಯಾರೋ ಕೊಳಲೂದಿದಂತೆ, ಅನಂತರ ನರಳಿದಂತೆ ಕೇಳಿತು ಎಂದು. ಅವಳು ಸುಳ್ಳು ಬರೆದಿಲ್ಲ, ನಾನೂ ಕೇಳಿದೆ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಅದರೊಳಗಿನ ಗಾಳಿಯು ಕಂಪಿಸಿ ನಾದ ಹೊರಡುತ್ತದೆ. ಈ ಕಂಪನದ ನಿಯಮವನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿ ವಿವರಿಸಿದನು. ಕೋಟೆಯ ಕಿಂಡಿಗಳೂ ಅಂತಹ ಸೀಸೆಗಳೇ. ಹಗಲು ನೆಲವು ಬೇಗ ಕಾಯುವುದರಿಂದ ಗಾಳಿಯು ಕಡಲಿನಿಂದ ದಡಕ್ಕೂ, ರಾತ್ರಿ ನೆಲವು ಬೇಗ ತಣಿಯುವುದರಿಂದ ದಡದಿಂದ ಕಡಲಿಗೂ ಬೀಸುತ್ತದೆ. ಗಾಳಿಯು ದಿಕ್ಕು ಬದಲಿಸುವ ಸಂಜೆಯ ಹೊತ್ತಿನಲ್ಲಿ ಧ್ವನಿಯೂ ಬದಲಾಗುವುದು ಸಹಜ.

ಇನ್ನೊಬ್ಬನು ಬರೆದದ್ದು ಗೋಡೆಯಿಂದ ರಕ್ತ ಸೋರಿದ ಕಲೆಯ ವಿಷಯ. ಬುರುಜು ನಿಲ್ಲದಿದ್ದಾಗ ನರಬಲಿ ಕೊಟ್ಟರಂತೆ, ಆ ರಕ್ತವು ಇಂದಿಗೂ ಮಳೆಗಾಲದಲ್ಲಿ ಒಸರುತ್ತದಂತೆ. ಬುರುಜಿಗೆ ಬಲಿಯಾದವರ ಕಥೆಗಳು ಕನ್ನಡನಾಡಿನ ಕೋಟೆ ಕೆರೆಗಳಿಗೆಲ್ಲ ಅಂಟಿಕೊಂಡಿವೆ. ಅವುಗಳಲ್ಲಿ ಕೆಲವು ಕರುಳನ್ನು ಹಿಂಡುವಂತಹವೂ ಹೌದು. ಆದರೆ ಬೇಕಲದ ಗೋಡೆಯ ಕೆಂಪಿಗೆ ಬೇರೆ ಕಾರಣವಿದೆ. ಆ ಕೋಟೆಯನ್ನು ಕಟ್ಟಿರುವುದು ಜಂಬಿಟ್ಟಿಗೆಯಿಂದ. ಕರಾವಳಿಯವರು ಅದನ್ನು ಮುರಕಲ್ಲೆನ್ನುತ್ತಾರೆ. ನೆಲದೊಳಗಿರುವಾಗ ಅದು ಮೆತ್ತಗಿದ್ದು ಕೊಡಲಿಯಂತಹ ಹತಾರದಿಂದಲೇ ಕತ್ತರಿಸಲು ಬರುತ್ತದೆ, ಗಾಳಿಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕಬ್ಬಿಣದ ಅಂಶ ಅದರಲ್ಲಿ ಹೇರಳ. ಮಳೆಯ ನೀರು ಒಳಗಿಳಿದು ತುಕ್ಕಿನ ಬಣ್ಣವನ್ನು ಹೊತ್ತು ಹೊರಗೆ ಬಂದರೆ ಅದು ಕೆಂಪಗಲ್ಲದೆ ಮತ್ತೆ ಹೇಗಿದ್ದೀತು? ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ ಕಂಪನಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿ, 1801ರಲ್ಲಿ ಬೇಕಲದ ದಾರಿಯಾಗಿಯೇ ಉತ್ತರಕ್ಕೆ ಹೋದ ಈ ವೈದ್ಯನು ತನ್ನ ಪ್ರವಾಸದ ಗ್ರಂಥವನ್ನು 1807ರಲ್ಲಿ ಪ್ರಕಟಿಸಿದನು. ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ಆ ಹೆಸರು ಬಂದಿದೆ. ನಮ್ಮವರು ಅದಕ್ಕೂ ಮೊದಲೇ ಜಂಬಿಟ್ಟಿಗೆ ಎಂದು ಇಟ್ಟಿಗೆಯನ್ನೇ ನೆನೆದಿದ್ದರು.

ರಾತ್ರಿ ಅಲೆಗಳ ಮೇಲೆ ಹಸುರು ನೀಲಿ ಬೆಂಕಿ ಓಡಾಡುತ್ತದೆಂಬ ಮಾತನ್ನೂ ಮಕ್ಕಳು ಎಲ್ಲಿಂದಲೋ ಕೇಳಿ ಬರೆದಿದ್ದರು. ಇದೂ ಪೂರಾ ಕಟ್ಟುಕಥೆಯಲ್ಲ. ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಗಳು ಕೆಲವು ಕಾಲದಲ್ಲಿ ಕಡಲಿನಲ್ಲಿ ಹೆಚ್ಚಿ, ಅಲೆಯ ಹೊಡೆತಕ್ಕೆ ಸಿಕ್ಕಾಗ ಮಿಂಚುಹುಳದಂತೆ ಬೆಳಗುತ್ತವೆ. ನಮ್ಮ ಕರಾವಳಿಯುದ್ದಕ್ಕೂ ಇದನ್ನು ಕಂಡವರಿದ್ದಾರೆ.

ಸುರಂಗದ ಕಥೆಯಂತೂ ಕೋಟೆಯಿಂದ ಕೋಟೆಗೆ ನಡೆದಾಡುವ ಕಥೆ. ಅದು ಶ್ರೀರಂಗಪಟ್ಟಣಕ್ಕೆ ಹೋಗುತ್ತದೆ, ಒಳಹೊಕ್ಕವರು ಮರಳಿಲ್ಲ, ಅವರ ಕೂಗು ಮಾತ್ರ ಕೇಳುತ್ತದೆ! ನಾವು ಹೋಗುವಾಗ ಸಕಲೇಶಪುರದಾಚೆ ಇಳಿದು ನೋಡಿದ ಮಂಜರಾಬಾದಿನ ಕೋಟೆಯಲ್ಲಿಯೂ ಮಕ್ಕಳು ಇದನ್ನೇ ಕೇಳಿದ್ದರು. ಟಿಪ್ಪುವು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದಾಕಾರದ ಆ ಕೋಟೆಯಿಂದ ಶ್ರೀರಂಗಪಟ್ಟಣವು ನೇರವಾಗಿ ಅಳೆದರೂ ನೂರು ಕಿಲೋಮೀಟರನ್ನು ಮೀರುತ್ತದೆ. ಬೇಕಲದಿಂದಾದರೆ 170ನ್ನು ಮೀರುತ್ತದೆ. ಮಕ್ಕಳಿಗೆ ನಾನು ಕೊಟ್ಟ ಲೆಕ್ಕ ಇಷ್ಟೆ: ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವನ್ನಿಳಿಯುವ ರೈಲುದಾರಿಯಲ್ಲಿ 57 ಸುರಂಗಗಳಿವೆ. ಸಿಡಿಮದ್ದು, ಯಂತ್ರ, ಇಂಜಿನಿಯರುಗಳೆಲ್ಲ ಇದ್ದೂ ಆ ದಾರಿಯು ಮುಗಿಯಲು ಹತ್ತು ವರ್ಷಗಳಿಗೂ ಮೀರಿ ಹಿಡಿದು 1979ರಲ್ಲಿ ತೆರೆಯಿತು. ಆ ಸುರಂಗಗಳಲ್ಲಿ ಅತ್ಯಂತ ಉದ್ದವಾದುದೂ ಒಂದು ಕಿಲೋಮೀಟರ್ ಇಲ್ಲ. ಹೀಗಿರುವಾಗ 170 ಕಿಲೋಮೀಟರಿನ ಸುರಂಗವನ್ನು ಯಾರು, ಎಷ್ಟು ವರ್ಷ ತೋಡಿದರು? ಅಗೆದ ಮಣ್ಣನ್ನು ಎಲ್ಲಿ ಸುರಿದರು? ಕೋಟೆಯ ಸುರಂಗವೆಂದರೆ ಮುತ್ತಿಗೆಯ ಕಾಲದಲ್ಲಿ ಗೋಡೆಯ ಕೆಳಗಿನಿಂದ ನುಸುಳಿ ನೀರಿಗೋ ದೋಣಿಗೋ ಸೇರುವ ದಾರಿ. ಅದಕ್ಕೆ ಹೆಚ್ಚಿನ ಉದ್ದ ಬೇಕಾಗಿಲ್ಲ.

ಇವೆಲ್ಲ ಗಾಳಿ, ಕಲ್ಲು, ನೀರಿನ ಮಾತಾಯಿತು. ಎಲ್ಲವೂ ಇಷ್ಟು ಸುಲಭವಾಗಿ ತೀರುವಂತಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಒಂದು ಕಥೆ ನನ್ನನ್ನೂ ಕಾಡಿತು. ಬುರುಜಿನಿಂದ ಕಡಲಿಗೆ ಹಾರಿ ಪ್ರಾಣಬಿಟ್ಟ ರಾಣಿಯೊಬ್ಬಳು ಬಿಳಿಯ ಸೀರೆಯಲ್ಲಿ ಅಲೆಯುತ್ತಾಳೆಂಬುದು ಆ ಕಥೆ. ಬೇಕಲವು ಗಡಿಯ ಕಾವಲುಕೋಟೆ. ರಾಜಧಾನಿಯಾದ ಬಿದನೂರನ್ನು ಬಿಟ್ಟು ಇಲ್ಲಿ ಬಂದು ಪ್ರಾಣಬಿಟ್ಟ ರಾಣಿಯನ್ನು ಇತಿಹಾಸವು ಅರಿಯದು. ಆದರೆ ಕೆಳದಿಯ ಕೊನೆಯ ರಾಣಿಯು ಕಂಡ ದುಃಖವು ಈ ಕಥೆಗಿಂತ ದೊಡ್ಡದು. 1763ರಲ್ಲಿ ಹೈದರನ ಸೈನ್ಯವು ಗುಪ್ತಮಾರ್ಗದಿಂದ ಬಿದನೂರನ್ನು ಹೊಕ್ಕಾಗ ರಾಣಿ ವೀರಮ್ಮಾಜಿಯು ಅರಮನೆಗೆ ಬೆಂಕಿಯಿಡಿಸಿ ದತ್ತುಪುತ್ರನೊಡನೆ ಬಲ್ಲಾಳರಾಯನ ದುರ್ಗಕ್ಕೆ ಓಡಿಬಂದಳು. ಬಲ್ಲಾಳರಾಯನ ದುರ್ಗವೆಂದರೆ ನಮ್ಮ ನೆರೆಯ ಮೂಡಿಗೆರೆ ತಾಲ್ಲೂಕಿನದು. ಅಲ್ಲಿ ಸೆರೆಸಿಕ್ಕ ಅವಳನ್ನು ಮಧುಗಿರಿಯ ಕೋಟೆಯಲ್ಲಿ ಇರಿಸಿದರು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೇನೆಯು ಮಧುಗಿರಿಯನ್ನು ಹಿಡಿದು ಬಿಡಿಸಿತಾದರೂ ಪುಣೆಗೆ ಹೋಗುವ ದಾರಿಯಲ್ಲೇ ಅವಳು ತೀರಿಕೊಂಡಳು. ಅವಳ ಹೆಸರನ್ನು ನಮ್ಮ ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ. ಇದ್ದ ರಾಣಿಯನ್ನು ಮರೆತು ಇಲ್ಲದ ರಾಣಿಗೆ ಹೆದರಿದರು!

ಈ ಕಥೆಯನ್ನು ಮಕ್ಕಳಿಗೆ ಅಲ್ಲಿಯೇ ಹೇಳುತ್ತಿದ್ದಾಗ ಕೋಟೆಯ ಬಾಗಿಲ ಬಳಿ ಆಂಜನೇಯನ ಗುಡಿಗೆ ಬಂದಿದ್ದ ವೃದ್ಧರೊಬ್ಬರು ನಿಂತು ಕೇಳಿದರು. ಅವರು ಕೋಟೆಯವರ ಮನೆತನದವರು. ನಮ್ಮ ಹುಡುಗನೊಬ್ಬನು, “ಅಜ್ಜಾ, ಇಲ್ಲಿ ದೆವ್ವ ಐತಂತೆ, ನೀವು ನೋಡೀರಾ?” ಎಂದು ಅವರನ್ನೇ ಕೇಳಿಬಿಟ್ಟನು. ಅವರು ನಕ್ಕು ನನ್ನ ಕಡೆ ತಿರುಗಿ, “ಮಾಷ್ಟ್ರೇ, ನಾವು ಇದೇ ಕೋಟೆ ಕಾಯ್ಲಿಕ್ಕೆ ಬಂದವರು. ಇಲ್ಲಿ ಸತ್ತವರು ಯಾರು? ನಮ್ಮ ಅಜ್ಜಂದಿರೇ ಅಲ್ವಾ? ಅವರಿದ್ದರೆ ನಮ್ಮನ್ನು ಯಾಕೆ ಹೆದರಿಸ್ತಾರೆ ಮಾರಾಯ್ರೇ?” ಎಂದರು.

ಘಟ್ಟದ ಮೇಲಿನವನಾದ ನನಗೆ ಆ ಮಾತು ಹೊಸದು. ಬಿಕ್ಕೋಡಿನ ಕಡೆ ದೆವ್ವವೆಂದರೆ ಓಡಿಸಬೇಕಾದ ವಸ್ತು. ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ, ಅಂತ್ರ. ತುಳುನಾಡಿನಲ್ಲಿ ಭೂತವೆಂದರೆ ಹಾಗಲ್ಲ. ಅನ್ಯಾಯವಾಗಿ ಸತ್ತವನಿಗೂ ಹೋರಾಡಿ ಮಡಿದವನಿಗೂ ಅಲ್ಲಿ ಒಂದು ಹೆಸರುಂಟು, ಒಂದು ಸ್ಥಾನವುಂಟು, ವರ್ಷಕ್ಕೊಮ್ಮೆ ಕೋಲವುಂಟು, ಅವನ ಬಾಳಿನ ಕಥೆಯನ್ನು ಹಾಡುವ ಪಾಡ್ದನವುಂಟು. ಅವನು ಊರಿನ ವ್ಯಾಜ್ಯವನ್ನು ಕೇಳಿ ತೀರ್ಪು ಕೊಡುವ ದೈವ. ಇಂಗ್ಲಿಷ್ ಅಧಿಕಾರಿ ಎ. ಸಿ. ಬರ್ನೆಲ್ ಈ ಪಾಡ್ದನಗಳನ್ನು ಸಂಗ್ರಹಿಸಿದ ಮಹನೀಯನು. ಆದರೆ ಅವು 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚಾದಾಗ ಅವಕ್ಕೆ ಸಿಕ್ಕ ಹೆಸರು ತುಳುವರ ಪಿಶಾಚಪೂಜೆ ಎಂಬರ್ಥದ್ದು. ಆ ಹೆಸರು ಮಾಡಿದ ಅನ್ಯಾಯವು ಸಣ್ಣದಲ್ಲ.

ಕಲ್ಕುಡನೆಂಬ ಭೂತದ ಪಾಡ್ದನವನ್ನು ಬೇಲೂರಿನವರಾದ ನಾವು ವಿಶೇಷವಾಗಿ ಗಮನಿಸಬೇಕು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯು ಬೇರೆಲ್ಲಿಯೂ ಅಂತಹ ಮೂರ್ತಿಯನ್ನು ಮಾಡಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನಂತೆ. ಅವನು ಉಳಿದ ಕೈಯಿಂದಲೇ ವೇಣೂರಿನ ಗೊಮ್ಮಟನನ್ನು ಕಡೆದು, ತಂಗಿ ಕಲ್ಲುರ್ಟಿಯೊಡನೆ ಮಾಯವಾಗಿ, ಭೂತವಾಗಿ ಅರಸನನ್ನು ಕಾಡಿದನಂತೆ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ಒಬ್ಬನೇ ಎರಡನ್ನೂ ಕಡೆದಿರಲಾರನು. ಇತಿಹಾಸವಾಗಿ ಇದು ನಿಲ್ಲದು. ಆದರೆ ನಮ್ಮ ಜಕಣಾಚಾರಿಯ ಕಥೆಯೊಡನೆ ಇಟ್ಟು ನೋಡಿ. ಕಪ್ಪೆ ಚೆನ್ನಿಗರಾಯನ ಮುಂದೆ ಸೋತ ಜಕಣನು ತನ್ನ ಕೈಯನ್ನು ತಾನೇ ಕಡಿದುಕೊಂಡನು, ಕೈದಾಳದಲ್ಲಿ ದೇವರು ಅದನ್ನು ಮರಳಿ ಕೊಟ್ಟನು ಎನ್ನುತ್ತೇವೆ. ನಮ್ಮ ಕಥೆಯಲ್ಲಿ ಅರಸನ ತಪ್ಪಿಲ್ಲ, ಶಿಲ್ಪಿಗೆ ನ್ಯಾಯವೂ ದೊರೆಯಿತು. ಅವರ ಕಥೆಯಲ್ಲಿ ಅರಸನದೇ ತಪ್ಪು, ನ್ಯಾಯ ದೊರೆಯಲಿಲ್ಲ. ಆದುದರಿಂದಲೇ ಶಿಲ್ಪಿಯು ಭೂತನಾದನು. ನಮ್ಮ ವ್ಯಾಕರಣದಲ್ಲಿ ಭೂತವೆಂದರೆ ಆಗಿಹೋದದ್ದು, ಕಳೆದ ಕಾಲ. ಆ ಅರ್ಥವು ಇಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಕೋಟೆಗೂ ಭೂತಕ್ಕೂ ನೆರೆಹೊರೆಯಾದ ಸ್ಥಳವೆಂದರೆ ಕುಂಬಳೆಯ ಆರಿಕ್ಕಾಡಿ. ಅಲ್ಲಿ ಕೆಳದಿಯವರ ಕೋಟೆಯಿದೆ. ಆ ಊರಿನ ಭಗವತಿಯ ಸನ್ನಿಧಿಯಲ್ಲಿ ಆಲಿಯೆಂಬ ಭೂತವೂ ಇದೆ. ಮಂತ್ರವಿದ್ಯೆಯನ್ನು ಬಲ್ಲ ಮುಸಲ್ಮಾನನೊಬ್ಬನು ಹತನಾಗಿ, ಸತ್ತ ಮೇಲೆ ಊರನ್ನು ಕಾಡಿದಾಗ ಅವನಿಗೆ ಅಲ್ಲಿಯೇ ಸ್ಥಾನ ಕೊಟ್ಟರೆಂಬುದು ಐತಿಹ್ಯ. ಅವನು ಕುಣಿಯುವ ದಿನ ಹಿಂದುಗಳೂ ಮುಸಲ್ಮಾನರೂ ನೋಡಲು ಸೇರುತ್ತಾರೆ. ಹನ್ನೆರಡನೆಯ ಶತಮಾನದ ಶರಣರ ಮಾರ್ಗದಲ್ಲಿ ಬೆಳೆದ ನಾವು ಇಂತಹ ಆರಾಧನೆಯನ್ನು ಒಪ್ಪಬೇಕಾಗಿಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನು ಮತ್ತೊಂದಕ್ಕೆ ಅಂಜಬಾರದೆಂಬುದೇ ನಮಗೆ ಬಂದ ಉಪದೇಶ. ಆದರೂ ಆ ಜನರು ಸತ್ತವರನ್ನು ಮರೆಯಲಿಲ್ಲ ಎಂಬುದನ್ನಾದರೂ ಒಪ್ಪಬೇಕು. ಹೆಸರುಳ್ಳ ಭೂತಕ್ಕೆ ಕರಾವಳಿಯವನು ಕೈಮುಗಿಯುತ್ತಾನೆ. ಬೆಚ್ಚಿಸುವುದು ಹೆಸರಿಲ್ಲದ್ದು. ಬೇಕಲದಲ್ಲಿ ಮಕ್ಕಳನ್ನು ಬೆಚ್ಚಿಸಿದ್ದೆಲ್ಲವೂ ಹೆಸರಿಲ್ಲದ ದೆವ್ವಗಳೇ: ಯಾರೋ ರಾಣಿ, ಯಾರೋ ಸಿಪಾಯಿ, ಯಾರೋ ಬಲಿಯಾದವನು. ಅಲ್ಲಿದ್ದವರ ಹೆಸರುಗಳು ಮಾಸಿಹೋದ ಜಾಗವನ್ನೇ ಇವು ಹಿಡಿದಿವೆ.

ಇಷ್ಟಾದರೆ ಮನರಂಜನೆಯೆಂದು ಬಿಡಬಹುದಿತ್ತು. ಆದರೆ ದೆವ್ವದ ಮಾತಿಗೆ ಅಂಟಿಕೊಂಡು ಇನ್ನೊಂದು ಮಾತು ಬರುತ್ತದೆ, ಅದು ನಿಧಿ. ದೆವ್ವವು ಅಲ್ಲಿರುವುದಾದರೂ ಏಕೆ? ಹೂತಿಟ್ಟ ಹಣವನ್ನು ಕಾಯುವುದಕ್ಕೆ! ಇದನ್ನು ನಂಬಿದವನು ಕೋಟೆಯನ್ನು ನೋಡಲು ಬರುವುದಿಲ್ಲ, ಹಾರೆ ಹಿಡಿದು ಬರುತ್ತಾನೆ. 2025ರ ಜನವರಿಯಲ್ಲಿ ಇದೇ ಆರಿಕ್ಕಾಡಿಯ ಕೋಟೆಯ ಹಳೆಯ ಬಾವಿಯಲ್ಲಿ ನಿಧಿಗಾಗಿ ಅಗೆಯುತ್ತಿದ್ದವರನ್ನು ಪೊಲೀಸರು ಹಿಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗ ನನಗೆ ಆ ವೃದ್ಧರ ನೆನಪಾಯಿತು.

ಗಡಿಯ ಕೋಟೆಯಲ್ಲಿ ನಿಧಿ ಎಲ್ಲಿಂದ ಬರಬೇಕು? ಕೋಟೆಯನ್ನು ಗೆದ್ದವನು ಮೊದಲು ಕೈಹಾಕುವುದೇ ಖಜಾನೆಗೆ. ತನ್ನ ಏಳಿಗೆಗೆ ಬಿದನೂರಿನ ಸಂಪತ್ತೇ ಮೂಲವೆಂದು ಹೈದರನು ಹೇಳುತ್ತಿದ್ದನೆಂಬ ಮಾತುಂಟು. ಅವನು ಬಿಟ್ಟದ್ದೇನಾದರೂ ಇದ್ದರೆ ಕಂಪನಿಯವರು ಬಿಟ್ಟಾರೆಯೇ? 1990ರ ದಶಕದ ಕೊನೆಯಲ್ಲಿ ಪುರಾತತ್ತ್ವ ಇಲಾಖೆಯವರು ಬೇಕಲದಲ್ಲಿ ಕ್ರಮವಾಗಿ ಅಗೆದರು. ಅವರಿಗೆ ದೊರೆತದ್ದು ಕಟ್ಟಡಗಳ ತಳಪಾಯ, ನಾಣ್ಯಗಳು, ಬಳಕೆಯ ವಸ್ತುಗಳು. ಅಕ್ಕಸಾಲೆಯವನ ತಕ್ಕಡಿಯಲ್ಲಿ ಅವುಗಳ ಬೆಲೆ ಅಲ್ಪ. ಆದರೆ ಯಾವ ನಾಣ್ಯವು ಯಾವ ಗೋಡೆಯ ಬುಡದಲ್ಲಿ, ಎಷ್ಟು ಆಳದಲ್ಲಿ, ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತೆಂಬುದು ತಿಳಿದರೆ ಆ ಗೋಡೆಯ ಕಾಲವನ್ನು ಹೇಳಬಹುದು. ನಿಧಿಗಳ್ಳನ ಒಂದು ರಾತ್ರಿಯ ಅಗೆತವು ಪದರಗಳನ್ನೆಲ್ಲ ಕಲಸಿಬಿಡುತ್ತದೆ. ಆ ಬಳಿಕ ನಾಣ್ಯ ಸಿಕ್ಕರೂ ಅದು ಮೂಕವೇ. ಓದದಿರುವ ಪುಸ್ತಕದ ಹಾಳೆಗಳನ್ನು ಹರಿದು ಗಾಳಿಗೆ ತೂರಿದ ಹಾಗೆ.

ಕಾಸರಗೋಡಿನ ಮಾತು ನಮಗೇಕೆ ಎಂದು ಕೇಳುವವರಿರಬಹುದು. ನಮ್ಮ ಸುತ್ತಲಿನ ಪಾಳುಗುಡಿಗಳನ್ನು ಒಮ್ಮೆ ನೋಡಿ ಬನ್ನಿರಿ. ಹೊಯ್ಸಳರ ಕಾಲದ ಗುಡಿಯಿಲ್ಲದ ಹೋಬಳಿ ಈ ಸೀಮೆಯಲ್ಲಿ ಇಲ್ಲ. ಊರಾಚೆಯ ಗುಡಿಗಳಲ್ಲಿ ನಂದಿಯನ್ನು ಉರುಳಿಸಿ, ಲಿಂಗದ ಪಾಣಿಪೀಠವನ್ನು ಕಿತ್ತು, ವೀರಗಲ್ಲಿನ ಬುಡವನ್ನು ತೋಡಿದ ಗುಂಡಿಗಳನ್ನು ನಾನೇ ಕಂಡಿದ್ದೇನೆ. ಶಿವಲಿಂಗದ ಕೆಳಗೆ ಹೊನ್ನಿ­ದೆಯೆಂದು ಹಾರೆ ಹಾಕಿದವರೂ ನಮ್ಮ ನಡುವಿನವರೇ. ಕೆಲವು ಕಡೆ ಗುಂಡಿಯ ಬದಿಯಲ್ಲಿ ಕುಂಕುಮ, ನಿಂಬೆಹಣ್ಣು, ಕೋಳಿಯ ಗರಿ. ಹಣವನ್ನು ಕಾಯುವ ದೆವ್ವವು ರಕ್ತವನ್ನು ಕೇಳುತ್ತದೆಂಬ ನಂಬಿಕೆಯು ಕೋಳಿಯಲ್ಲಿ ನಿಲ್ಲದೆ ಮನುಷ್ಯರವರೆಗೂ ಹೋದದ್ದುಂಟು. ಆದುದರಿಂದಲೇ ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಅಂಗೀಕರಿಸಿದ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ನಿಷೇಧದ ಕಾಯಿದೆಯಲ್ಲಿ ನಿಧಿಶೋಧನೆಯ ಹೆಸರಿನ ಇಂತಹ ಕೃತ್ಯಗಳನ್ನು ಹೆಸರಿಸಿ ಅಪರಾಧವೆಂದು ಸಾರಲಾಗಿದೆ. ಇನ್ನು ನೆಲದಲ್ಲಿ ಸಿಕ್ಕ ವಸ್ತುವಿನ ವಿಷಯ: ನಿಧಿ ಕಾಯಿದೆಯಂತೆ ಬೆಲೆಯುಳ್ಳದ್ದು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಹೊಲ ಉಳುವಾಗ ಮೂರ್ತಿಯೋ ಕಾಸೋ ಸಿಕ್ಕವನು ಹೆದರಿ ಮುಚ್ಚಿಡುವುದಕ್ಕಿಂತ ತಿಳಿಸುವುದು ಕ್ಷೇಮವೆಂಬುದನ್ನು ನಮ್ಮ ಹಳ್ಳಿಗಳಲ್ಲಿ ಹೇಳಬೇಕಾಗಿದೆ. ಅದನ್ನು ಮಕ್ಕಳ ಮೂಲಕವೇ ಹೇಳಿಸುವುದು ಸುಲಭವೆಂದು ನನ್ನ ಅನುಭವ.

ಪ್ರವಾಸದ ವರದಿಗಳನ್ನು ನೋಡಿದ ಮೇಲೆ ನಾನು ಒಂದು ಕೆಲಸ ಮಾಡಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನಲ್ಲಿ ‘ಅಲ್ಲಿ ದೆವ್ವವಿದೆ, ಹೋಗಬೇಡ’ ಎಂದು ಹಿರಿಯರು ಹೇಳುವ ಒಂದು ಸ್ಥಳವನ್ನು ಹಗಲಿನಲ್ಲಿ ಹಿರಿಯರೊಡನೆಯೇ ನೋಡಿಬಂದು, ಅಲ್ಲಿ ಏನಿದೆಯೆಂದು ಒಂದು ಪುಟ ಬರೆದು ತರಬೇಕೆಂದು ಹೇಳಿದೆ. ಹದಿನೈದು ದಿನಗಳಲ್ಲಿ ನಲವತ್ತಕ್ಕೂ ಹೆಚ್ಚು ಪುಟಗಳು ಬಂದವು. ಪಾಳುಬಾವಿ, ಹಳೆಯ ಹುಣಿಸೆಮರಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಹಲವು ವೀರಗಲ್ಲುಗಳು, ಎರಡು ಮಾಸ್ತಿಕಲ್ಲುಗಳು, ಮಣ್ಣಿನಲ್ಲಿ ಅರ್ಧ ಹೂತ ಒಂದು ಗುಡಿಯ ಹೊಸ್ತಿಲು. ವೀರಗಲ್ಲೆಂದರೆ ಊರಿಗಾಗಿ ಹೋರಾಡಿ ಸತ್ತವನ ಕಲ್ಲು; ಕೆಳಗಿನ ಅಂಕಣದಲ್ಲಿ ಯುದ್ಧ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡೊಯ್ಯುವುದು, ಮೇಲೆ ಅವನು ಶಿವಸನ್ನಿಧಿಯಲ್ಲಿ ಕುಳಿತಿರುವುದು. ಊರಿನ ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಬಳಿಗೇ ಆ ಊರಿನ ಮಕ್ಕಳು ಕತ್ತಲಾದ ಮೇಲೆ ಸುಳಿಯುತ್ತಿರಲಿಲ್ಲ.

ಟಿಪ್ಪುವಿನ ಹೆಸರನ್ನು ಬರೆದಿದ್ದ ಹುಡುಗನೇ ತಂದ ಪುಟ ನನ್ನ ಬಳಿ ಇನ್ನೂ ಇದೆ. ಅವನ ತೋಟದ ಬೇಲಿಯಾಚೆ ಒಂದು ಕಲ್ಲಿದೆಯಂತೆ. ಅಜ್ಜಿಯು ಅದರ ಕಡೆ ನೋಡಲೂ ಬಿಡುತ್ತಿರಲಿಲ್ಲವಂತೆ. ಹತ್ತಿರ ಹೋಗಿ ಹಾವಸೆಯನ್ನು ನೀರಿನಿಂದ ತೊಳೆದಾಗ ಬಿಲ್ಲು ಹಿಡಿದ ಒಬ್ಬ ಗಂಡಸು, ಅವನ ಹಿಂದೆ ನಾಲ್ಕು ದನಗಳು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ಗಂಡಸು ಕಂಡರಂತೆ. ಪುಟದ ಕೊನೆಯಲ್ಲಿ ಅವನು ಹೀಗೆ ಬರೆದಿದ್ದಾನೆ: “ಅಕ್ಷರ ಸವೆದಿವೆ. ಹೆಸರು ಓದಲು ಬರಲಿಲ್ಲ. ಬರುವ ಭಾನುವಾರ ಸುಣ್ಣದ ಪುಡಿ ಸವರಿ ನೋಡಬಹುದೇ ಸಾರ್, ಕಲ್ಲಿಗೆ ಏನೂ ಆಗುವುದಿಲ್ಲವೇ?”

ಸುಣ್ಣ ಬೇಡ, ಸಂಜೆಯ ಓರೆಬಿಸಿಲಿನಲ್ಲಿ ನೋಡು, ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ ಎಂದು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಟ್ಟೆ.